ಅಗೆದ ಗುಹೆಯನ್ನು ಮತ್ತೆ ಅಗೆಯುವುದೇಕೆ?

ಉತ್ಖನನವೆಂದರೆ ಒಂದರ್ಥದಲ್ಲಿ ನಾಶವೇ. ಒಮ್ಮೆ ತೆಗೆದ ಮಣ್ಣನ್ನು ಮೊದಲಿದ್ದಂತೆ ಪದರಪದರವಾಗಿ ಯಾರೂ ಜೋಡಿಸಲಾರರು. ಹಾಗಿರುವಾಗ ಹಿಂದಿನವರು ಅಗೆದು ಬಿಟ್ಟ ಗುಹೆಗಳ ಮೇಲೆ ಮತ್ತೆ ಹಣ ಸುರಿಯುವುದೇಕೆ, ಹೊಸ ನೆಲೆಗಳನ್ನೇ ಹುಡುಕಬಾರದೇ ಎಂದು ಕೇಳುವವರಿದ್ದಾರೆ. ಇರಾಕಿನ ಕುರ್ದಿಸ್ತಾನದಲ್ಲಿರುವ ಶಾನಿದಾರ್ ಗುಹೆಯ ಕಥೆ ಈ ಪ್ರಶ್ನೆಗೆ ಉತ್ತರವಾಗಿದೆ.

ಅಮೆರಿಕದ ರಾಲ್ಫ್ ಸೊಲೆಕಿ 1951ರಿಂದ 1960ರವರೆಗೆ ನಡೆಸಿದ ಉತ್ಖನನದಲ್ಲಿ ಒಟ್ಟು ಹತ್ತು ನಿಯಾಂಡರ್ತಾಲ್ ಮಾನವರ ಅಸ್ಥಿಗಳು ದೊರೆತವು. ನಾಲ್ಕನೆಯವನ ಸುತ್ತಲಿನ ಮಣ್ಣನ್ನು ಪ್ಯಾರಿಸಿನಲ್ಲಿ ಅರ್ಲೆಟ್ ಲೆರ್ವಾ-ಗುರ್ಹಾನ್ ಪರೀಕ್ಷಿಸಿದಾಗ ಪರಾಗದ ಗಂಟುಗಳು ಕಂಡವು. ಸತ್ತವನನ್ನು ಹೂವಿನ ಮೇಲೆ ಮಲಗಿಸಿದ್ದರು ಎಂಬ ಮಾತು ಅಲ್ಲಿಂದ ಹುಟ್ಟಿ ಜಗತ್ತನ್ನೆಲ್ಲ ಸುತ್ತಿತು. ಅಷ್ಟರಲ್ಲಾಗಲೇ ಆ ಅಸ್ಥಿಗಳನ್ನು ಮಣ್ಣಿನ ಸಮೇತ ಗಡ್ಡೆಯಾಗಿ ಕತ್ತರಿಸಿ, ಟ್ಯಾಕ್ಸಿಯೊಂದರ ಮೇಲೆ ಹೇರಿ ಬಾಗ್ದಾದಿಗೆ ಸಾಗಿಸಿಯಾಗಿತ್ತು. ದಾರಿಯ ಕುಲುಕಾಟಕ್ಕೆ ಒಳಗಿದ್ದುದು ಅಸ್ತವ್ಯಸ್ತವಾಯಿತು. ಬಿಡಿಸಿ ನೋಡಿದರೆ ಆ ಗಡ್ಡೆಯಲ್ಲಿ ಬೇರೆಯವರ ಮೂಳೆಗಳೂ ಇದ್ದವು! ಯಾರು ಹೇಗೆ ಮಲಗಿದ್ದರೆಂಬುದನ್ನು ಅಲ್ಲಿ ಇನ್ನು ಓದುವಂತಿರಲಿಲ್ಲ.

ಕೇಂಬ್ರಿಡ್ಜಿನ ಗ್ರೇಮ್ ಬಾರ್ಕರ್ ಅವರ ತಂಡ 2014ರಲ್ಲಿ ಸೊಲೆಕಿಯ ಹಳೆಯ ಕಂದಕಕ್ಕೇ ಇಳಿಯಿತು. 2018ರಲ್ಲಿ, ಆ ಗಡ್ಡೆ ಕತ್ತರಿಸಿದ ಜಾಗದ ಮಗ್ಗುಲಲ್ಲೇ, 70,000 ವರ್ಷಗಳಿಗೂ ಹಿಂದಿನ ಇನ್ನೊಂದು ದೇಹ ಸಿಕ್ಕಿತು. ತಲೆಬುರುಡೆ ಅಪ್ಪಚ್ಚಿಯಾಗಿ ಸುಮಾರು ಎರಡು ಸೆಂಟಿಮೀಟರ್ ದಪ್ಪಕ್ಕೆ ಇಳಿದಿತ್ತು. ಈ ಬಾರಿ ಅವಸರವಿರಲಿಲ್ಲ: ಮೂಳೆಯ ಚೂರುಗಳನ್ನು ಅಂಟಿನಿಂದ ಗಟ್ಟಿಮಾಡಿ, ಚಿಕ್ಕಚಿಕ್ಕ ಹೆಂಟೆಗಳಾಗಿ ಎತ್ತಿ, ಸ್ಕ್ಯಾನ್ ಮಾಡಿ ಬಿಡಿಸಿದರು.

ಹೂವಿನ ಕಥೆ ಮಾತ್ರ ಉಳಿಯಲಿಲ್ಲ. ಒಂದೇ ಕಾಲಕ್ಕೆ ಅರಳದ ಹೂಗಳ ಪರಾಗ ಆ ಗಂಟುಗಳಲ್ಲಿದೆ, ನೆಲದಲ್ಲಿ ಗೂಡು ಕೊರೆಯುವ ಜೇನುನೊಣಗಳು ಅದನ್ನು ತಂದಿರಬಹುದು ಎಂದು ಕ್ರಿಸ್ ಹಂಟ್ ಮತ್ತು ಸಂಗಡಿಗರು 2023ರಲ್ಲಿ ವಾದಿಸಿದರು. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಇದರಿಂದ ನಿಯಾಂಡರ್ತಾಲರ ಮಾನವೀಯತೆಗೆ ಕುಂದೇನೂ ಬರುವುದಿಲ್ಲ. ಅದೇ ಗುಹೆಯ ಮೊದಲನೆಯವನ ಬಲಗೈ ಬತ್ತಿಹೋಗಿತ್ತು, ಒಂದು ಕಣ್ಣು ಬಹುಶಃ ಕುರುಡಾಗಿತ್ತು. ಆದರೂ ಏಟು ಬಿದ್ದ ಮೇಲೆ ಆತ ಎಷ್ಟೋ ವರ್ಷ ಬದುಕಿದ. ಯಾರೋ ನೋಡಿಕೊಳ್ಳದೆ ಅದು ಸಾಧ್ಯವಿತ್ತೇ?

ಸೊಲೆಕಿಯ ತೀರ್ಮಾನವನ್ನು ಇಂದು ಪ್ರಶ್ನಿಸಲು ಸಾಧ್ಯವಾದದ್ದೂ ಸೊಲೆಕಿಯಿಂದಲೇ. ಮೂಳೆ ಎತ್ತಿಕೊಂಡು ಮಣ್ಣು ಚೆಲ್ಲುವ ಕಾಲದಲ್ಲಿ ಅವರು ಮಣ್ಣನ್ನೂ ಪರೀಕ್ಷೆಗೆ ಕಳಿಸಿದರು. ಗುಹೆಯ ನೆಲವನ್ನೆಲ್ಲ ಬರಿದು ಮಾಡಲಿಲ್ಲ. ಇಂದಿನ ಉಪಕರಣಗಳೂ ಮುಂದಿನವರಿಗೆ ಒರಟಾಗಿ ಕಂಡಾವು. ಆದ್ದರಿಂದ ಪ್ರತಿ ನೆಲೆಯಲ್ಲೂ ಒಂದು ಪಾಲನ್ನು ಮುಟ್ಟದೆ ಬಿಡುವುದು ಕಡ್ಡಾಯವಾಗಬೇಕು. ಹೊಸ ಉತ್ಖನನಕ್ಕೆ ಅನುಮತಿ ಕೇಳಿ ಬಂದವರನ್ನು, ಹಳೆಯ ಉತ್ಖನನದ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದ್ದೀರಾ ಎಂದು ಮೊದಲು ವಿಚಾರಿಸಬೇಕು.