ನಡುವಣ ಮೆಟ್ಟಿಲು



2023ರ ಶ್ರಾವಣದ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ನಮ್ಮ ಸೀಮೆಯ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರೂರಿನ ಶಾಲೆಯ ಕೋಣೆ ಸೋರುತ್ತಿತ್ತು. ಗ್ರಾಮ ಪಂಚಾಯತಿಯವರು ತಾಲೂಕಿನ ಕಡೆಗೆ ಕೈ ತೋರಿದ್ದರು. ತಾಲೂಕಿನಲ್ಲಿ ಅಧಿಕಾರಿಗಳಿದ್ದರು, ಚುನಾಯಿತ ಸದಸ್ಯರಿರಲಿಲ್ಲ. “ಗುರುಗಳ, ನಾವು ಯಾರ ಮುಂದ ಹೇಳೂಣ್ರಿ? ಇಷ್ಟೆಲ್ಲಾ ಪಂಚಾಯತಿ ಯಾಕ ಬೇಕ್ರಿ, ಒಂದ ಇದ್ದರ ಸಾಲದೇನ್ರಿ?” ಎಂದರು.

ಈ ಪ್ರಶ್ನೆ ಆ ತಾಯಿಯೊಬ್ಬರದೇ ಅಲ್ಲ. 2021ರ ಆರಂಭದಲ್ಲಿ ತಾಲೂಕು ಪಂಚಾಯತಿಯನ್ನೇ ತೆಗೆದುಹಾಕುವ ವಿಚಾರ ರಾಜ್ಯದಲ್ಲಿ ಬಲವಾಗಿ ಕೇಳಿಬಂದಿತು. ಅದೇ ವರ್ಷ ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ ಮುಗಿಯಿತು; ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ತೆಗೆಯಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ತಾಲೂಕು ಪಂಚಾಯತಿಗೆ ಸ್ವಂತ ವರಮಾನ ಅತ್ಯಲ್ಪ. ಕೈಗೆ ಬರುವ ಹಣದ ಬಹುಭಾಗ ಸಂಬಳಕ್ಕೇ ಸಲ್ಲುತ್ತದೆ. ಹೀಗಿರುವಾಗ ನಡುವೆ ಒಂದು ಮೆಟ್ಟಿಲೇಕೆ ಎಂಬ ಶಂಕೆ ಸಹಜವಾದುದು.

ಆದರೆ ನಮ್ಮ ನಾಡು ಈ ಪ್ರಯೋಗವನ್ನು ಹಿಂದೆಯೇ ಮಾಡಿ ನೋಡಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1884ರ ಕಾಯ್ದೆಯಂತೆ ಜಿಲ್ಲೆಗೊಂದು, ತಾಲೂಕಿಗೊಂದು ಲೋಕಲ್ ಬೋರ್ಡು ಎಂಬ ಎರಡು ಹಂತದ ಏರ್ಪಾಡು ಬಂದಿತು. 1938ರಲ್ಲಿ ತಾಲೂಕು ಬೋರ್ಡುಗಳನ್ನು ರದ್ದುಗೊಳಿಸಿ, ಎಲ್ಲ ಭಾರವನ್ನೂ ಜಿಲ್ಲಾ ಬೋರ್ಡೊಂದಕ್ಕೇ ಹೊರಿಸಿದರು. ಏಕೀಕರಣದ ತರುವಾಯ 1959ರ ಮೈಸೂರು ಕಾಯ್ದೆ ಇದನ್ನು ತಲೆಕೆಳಗು ಮಾಡಿತು: ಜಿಲ್ಲಾ ಬೋರ್ಡು ಹೋಗಿ ತಾಲೂಕು ಅಭಿವೃದ್ಧಿ ಮಂಡಳಿಯೇ ಮುಖ್ಯವಾಯಿತು. 1983ರ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯತಿಗೂ ಶಕ್ತಿ ಬಂದಿತು. ತಾಲೂಕು ಸಮಿತಿಗೆ ನೇರ ಚುನಾವಣೆ ಇಲ್ಲವಾಯಿತು. 1987ರ ಆ ಮೊದಲ ಚುನಾವಣೆಯಲ್ಲಿ ನಾವು ತರುಣರು. ಮಠದ ಪಾಠ ಬಿಟ್ಟು ಸರದಿಯಲ್ಲಿ ನಿಂತು ಮತ ಹಾಕಿದ ನೆನಪಿದೆ. ಮತ್ತೆ 1993ರ ಕಾಯ್ದೆಯಂತೆ ಮೂರು ಹಂತಗಳೂ ಚುನಾಯಿತವಾದವು. ಒಂದೇ ಮೆಟ್ಟಿಲನ್ನು ನೂರು ವರ್ಷಗಳಲ್ಲಿ ಎಷ್ಟು ಸಲ ಕಿತ್ತೆವು, ಎಷ್ಟು ಸಲ ಕೂಡಿಸಿದೆವು!

ಈ ವಿಷಯದಲ್ಲಿ ಸಂವಿಧಾನದ ಮಾತೂ ಗಮನಾರ್ಹವಾದುದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿ, 20 ಲಕ್ಷ ಮೀರದ ಜನಸಂಖ್ಯೆಯ ರಾಜ್ಯಗಳಿಗೆ ಮಾತ್ರ ನಡುವಣ ಹಂತವನ್ನು ಬಿಡುವ ಅವಕಾಶವಿತ್ತಿತು. 2011ರ ಜನಗಣತಿಯಂತೆ ನಮ್ಮ ವಿಜಯಪುರ ಜಿಲ್ಲೆಯೊಂದರಲ್ಲಿಯೇ 21 ಲಕ್ಷ 77 ಸಾವಿರ ಜನ! ಇಡೀ ರಾಜ್ಯವೊಂದಕ್ಕೂ ಹೆಚ್ಚೆಂದು ಬಗೆದ ಅಳತೆಯನ್ನು ನಮ್ಮ ಒಂದು ಜಿಲ್ಲೆಯೇ ಮೀರಿದೆ. 1993ರ ಕಾಯ್ದೆ ತನ್ನ ಮೂಲರೂಪದಲ್ಲಿ ಸುಮಾರು 10 ಸಾವಿರ ಜನಕ್ಕೆ ಒಬ್ಬ ತಾಲೂಕು ಸದಸ್ಯರನ್ನೂ, 40 ಸಾವಿರಕ್ಕೆ ಒಬ್ಬ ಜಿಲ್ಲಾ ಸದಸ್ಯರನ್ನೂ ಗೊತ್ತುಪಡಿಸಿತ್ತು. ನಡುವಿನವರು ಹೋದರೆ ಗ್ರಾಮದ ಮೇಲೆ ನಮಗೆ ಉತ್ತರ ಹೇಳುವವರು ನಾಲ್ಕು ಪಟ್ಟು ದೂರ ಸರಿಯುತ್ತಾರೆ.

ಇಂಗ್ಲೆಂಡಿನಲ್ಲಿಯೂ ಇಂತಹ ಬದಲಾವಣೆಯಾಗಿದೆ. ಉತ್ತರ ಯಾರ್ಕ್‌ಶೈರಿನಲ್ಲಿ ಒಂದು ಕೌಂಟಿ ಮಂಡಳಿಯನ್ನೂ ಏಳು ಜಿಲ್ಲಾ ಮಂಡಳಿಗಳನ್ನೂ ಕೂಡಿಸಿ 2023ರ ಏಪ್ರಿಲ್ 1ರಿಂದ ಒಂದೇ ಮಂಡಳಿ ಮಾಡಿದರು. ಖರ್ಚು ತಗ್ಗೀತು, ಜನರಿಗೆ ಒಂದೇ ಬಾಗಿಲು ದೊರೆತೀತು ಎಂಬುದು ಅವರ ವಾದ. ಆದರೆ ಅಲ್ಲಿಯ ಜನ ಸುಮಾರು 6 ಲಕ್ಷ. ಅದು ನಮ್ಮ ಜಿಲ್ಲೆಯ ಮೂರರಲ್ಲೊಂದು ಪಾಲೂ ಅಲ್ಲ. ಅಷ್ಟಾಗಿಯೂ ಪ್ರದೇಶವಾರು ಸಮಿತಿಗಳನ್ನು ಅವರು ಇರಿಸಿಕೊಂಡಿದ್ದಾರೆ.

ಇತ್ತ ನಮ್ಮಲ್ಲಿ ಕಂದಾಯ ಆಡಳಿತ ಜನರ ಸಮೀಪಕ್ಕೆ ಬರುತ್ತಿದೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೋಲ್ಹಾರಗಳು ಬೇರೆ ತಾಲೂಕುಗಳಾದವು. ತಹಸೀಲ್ದಾರರು ಹತ್ತಿರವಾಗಿ ಚುನಾಯಿತ ಸದಸ್ಯರು ದೂರವಾಗುವುದು ಯಾವ ನ್ಯಾಯ?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ತಾಲೂಕು ಪಂಚಾಯತಿಗೆ ಕೆಲಸವಿಲ್ಲವೆಂದು ಅದನ್ನು ತೆಗೆಯುವುದಕ್ಕಿಂತ, ಶಾಲೆ, ಕುಡಿಯುವ ನೀರು, ಹಳ್ಳಿಯ ರಸ್ತೆಗಳ ಹೊಣೆಯಲ್ಲಿ ಸ್ಪಷ್ಟವಾದ ಪಾಲನ್ನೂ ಅದಕ್ಕೆ ತಕ್ಕ ಹಣವನ್ನೂ ಕೊಟ್ಟು ನೋಡಬೇಕು, ಕಾಲಕಾಲಕ್ಕೆ ಚುನಾವಣೆ ನಡೆಸಬೇಕು. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ, ಕೇಳುವವರೂ ಹೇಳುವವರೂ ಎದುರುಬದುರು ಕುಳಿತ ಅನುಭವ ಮಂಟಪದ ಆದರ್ಶ ನಮಗೆ ಹೊಸತಲ್ಲ.

ಆ ತಾಯಿಗೆ ಅಂದು ನಾವು ಹೇಳಬಲ್ಲವರಾಗಿದ್ದುದು ಅರ್ಧ ಉತ್ತರವನ್ನು ಮಾತ್ರ. ಗ್ರಾಮಸಭೆಯಲ್ಲಿ ಎದ್ದು ಶಾಲೆಯ ಮಾತನ್ನು ಬರೆಯಿಸಿರಿ, ನಡವಳಿಯ ಪ್ರತಿ ಪಡೆಯಿರಿ ಎಂದೆವು. ಉಳಿದರ್ಧವನ್ನು ಮತ ಕೇಳಲು ಬಂದವರಿಂದ ನಾವು ನೀವೆಲ್ಲರೂ ಕೂಡಿ ಕೇಳಿ ಪಡೆಯಬೇಕಾಗಿದೆ.