ಪೂರ್ವಮೇಘ ಬೇಡವೆ?

ಮೊನ್ನೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮಗನ ವಿಚಾರಣೆ ನಡೆಯಿತು. ಆಪಾದಿತ ಹಾಜರಿರಲಿಲ್ಲ. ಅವನ ಅಪರಾಧವಿಷ್ಟೆ: ಒಂದು ಭಾನುವಾರ ಕಂಪ್ಯೂಟರಿನ ಮುಂದೆ ಕುಳಿತು, ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ, ಕರಾಚಿಯಿಂದ ಅಹಮದಾಬಾದಿಗೆ ಮೂರು ಗಂಟೆ ಹಾರಿದ್ದು. ಬಾಯಿಬಿಟ್ಟವನು ನಾನೇ. ಹಿರಿಯ ಮಿತ್ರರೊಬ್ಬರು, "ಅಲ್ರೀ, ಕುರ್ಚಿಯಿಂದ ಎದ್ದಾಗ ಹುಡುಗ ಎಲ್ಲಿದ್ದ? ನಿಮ್ಮ ನಡುಮನೆಯಲ್ಲೇ ತಾನೆ? ಮತ್ತೆ ಹೋದದ್ದೆಲ್ಲಿಗೆ?" ಎಂದರು. ಎಲ್ಲರೂ ನಕ್ಕರು. ಯಂತ್ರ ಬಲ್ಲ ತರುಣ ಮಿತ್ರರೊಬ್ಬರು ಇನ್ನೊಂದು ಉಪದೇಶ ಕೊಟ್ಟರು: "ಮೂರು ಗಂಟೆ ಯಾಕೆ ಸರ್? ಅದರಲ್ಲಿ ಕಾಲವನ್ನು ಓಡಿಸುವ ಸೌಕರ್ಯ ಇದೆ. ಒಂದು ಗುಂಡಿ ಒತ್ತಿದರೆ ನಡುವಿನ ದಾರಿಯನ್ನೆಲ್ಲ ಬಿಟ್ಟು ನೇರ ಇಳಿಯುವ ಜಾಗಕ್ಕೇ ಒಯ್ಯುತ್ತದೆ."

ಮೊದಲನೆಯವರ ನಗೆಗೆ ನನಗೆ ಬೇಸರವಿಲ್ಲ. ಎರಡನೆಯವರ ಉಪದೇಶ ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ಈ ಲೇಖನ ಅದನ್ನು ಕೀಳುವ ಪ್ರಯತ್ನ.

ಕುಳಿತಲ್ಲೇ ಮಾಡಿದ ಪ್ರಯಾಣ ಸುಳ್ಳು ಎನ್ನುವವರು ಮೊದಲು ಕಾಳಿದಾಸನನ್ನು ಕಟಕಟೆಗೆ ಕರೆಯಬೇಕು. ರಾಮಗಿರಿಯಲ್ಲಿ ಕುಳಿತ ಯಕ್ಷ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ಮೋಡಕ್ಕೆ ದಾರಿ ಹೇಳುತ್ತ ಹೇಳುತ್ತ ನರ್ಮದೆಯನ್ನು ದಾಟುತ್ತಾನೆ, ವಿದಿಶೆಯನ್ನು ಕಾಣುತ್ತಾನೆ, ಕೈಲಾಸದ ಮಗ್ಗುಲಿನ ಅಲಕೆಯನ್ನು ಮುಟ್ಟುತ್ತಾನೆ. ನಾವು ಇದನ್ನು ವಿದ್ಯಾರ್ಥಿಗಳಿಗೆ ಬೋಧಿಸಿ ಸಂಬಳ ಪಡೆಯುತ್ತೇವೆ; ಬೇಂದ್ರೆಯವರು ಕನ್ನಡಕ್ಕೆ ತಂದದ್ದಕ್ಕೆ ಹೆಮ್ಮೆಪಡುತ್ತೇವೆ. ಹುಡುಗನೊಬ್ಬ ಅದೇ ಕೆಲಸಕ್ಕೆ ಕೈಹಾಕಿದರೆ ಕಾಲಹರಣವೆನ್ನುತ್ತೇವೆ. ಇದೆಂತಹ ನ್ಯಾಯ?

ಮೇಘದೂತದ ಮೊದಲ ಭಾಗವಾದ ಪೂರ್ವಮೇಘದಲ್ಲಿ ಇರುವುದೇ ದಾರಿ. ಅದರಲ್ಲೂ ಉಜ್ಜಯಿನಿ ಮೋಡದ ನೇರ ಹಾದಿಯಲ್ಲಿಲ್ಲ. ಸುತ್ತಾದರೂ ಚಿಂತೆಯಿಲ್ಲ, ಅದನ್ನು ನೋಡದೆ ಹೋಗಬೇಡ ಎಂದು ಯಕ್ಷ ಒತ್ತಾಯಿಸುತ್ತಾನೆ. ಹೆಂಡತಿಗೆ ಸುದ್ದಿ ಮುಟ್ಟಿಸುವ ಆತುರವಿರುವವನ ಮಾತು ಇದು! ನನ್ನ ತರುಣ ಮಿತ್ರರ ಗುಂಡಿ ಆ ಮೋಡಕ್ಕೆ ಸಿಕ್ಕಿದ್ದರೆ ನಮಗೆ ಉತ್ತರಮೇಘ ಮಾತ್ರ ಉಳಿಯುತ್ತಿತ್ತು.

ಹುಡುಗ ಕರಾಚಿಯನ್ನೇ ಯಾಕೆ ಆರಿಸಿಕೊಂಡ ಎಂಬುದನ್ನೂ ಹೇಳಬೇಕು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲ ಹೊತ್ತು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಯ ಜುಹೂಗೆ ಬಂದರು. ಅಲ್ಲಿಂದ ಮುಂದಕ್ಕೆ ಒಯ್ದವರು ನೆವಿಲ್ ವಿನ್ಸೆಂಟ್. ಅವರು ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋದರು. ನಮ್ಮ ದೇಶದ ವಿಮಾನ ಸೇವೆಯ ಮೊದಲ ಪುಟದಲ್ಲಿ ಬಳ್ಳಾರಿಯ ಹೆಸರಿದೆ ಎಂಬುದು ಎಂ.ಎ. ಓದಿದ ನನಗೆ ತಿಳಿದಿರಲಿಲ್ಲ, ಪಿ.ಯು.ಸಿ. ಓದುವ ಮಗ ತಿಳಿಸಿದ. ಒಟ್ಟು ದಾರಿ ಎರಡು ಸಾವಿರ ಕಿಲೋಮೀಟರಿಗೆ ತುಸು ಹೆಚ್ಚು. ಅವನ ಬಳಿ ಪುಸ್ ಮಾತ್ ಇರಲಿಲ್ಲವಾಗಿ, ವೇಗದಲ್ಲಿ ಅದಕ್ಕಿಂತ ಬಹಳ ಮುಂದಲ್ಲದ ಸೆಸ್ನಾ 172 ತೆಗೆದುಕೊಂಡ.

2025ರ ಏಪ್ರಿಲಿನಲ್ಲಿ ಭಾರತ, ಪಾಕಿಸ್ತಾನಗಳೆರಡೂ ಒಂದು ಇನ್ನೊಂದರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ನಡುಮನೆಯ ಆಕಾಶಕ್ಕೆ ಬಾಗಿಲಿಲ್ಲ. ಸಿಂಧೂ ನದಿಯ ಕವಲುಗಳು ಸಮುದ್ರದ ಕಡೆ ಹರಡಿಕೊಂಡದ್ದನ್ನೂ, ಕಚ್ಛದ ರಣ ಬಿಳಿಯ ಹಾಸಿನಂತೆ ಮುಗಿಯದೆ ಮುಂದುವರಿದದ್ದನ್ನೂ ನಾನು ಮೊದಲು ನೋಡಿದ್ದು ಅಲ್ಲಿಯೇ. ಒಂದು ಗಂಟೆ ಕಳೆದರೂ ರಣವೇ. ಬೇಸರ ಬಂತು, ನಿಜ. ಆ ಬೇಸರದಿಂದಲೇ ರಣ ಎಷ್ಟು ದೊಡ್ಡದೆಂದು ತಿಳಿಯಿತು.

ನಿಜವಾದ ವಿಮಾನದಲ್ಲಿ ಹೋಗುವವರ ಸಂಗತಿಯೇನು? ಬೆಂಗಳೂರಿನಲ್ಲಿ ಹತ್ತಿ ದೆಹಲಿಯಲ್ಲಿ ಇಳಿಯುವ ನಮ್ಮಂಥವರು ಕಿಟಕಿಯ ಪರದೆ ಎಳೆದು ಮಲಗುತ್ತೇವೆ. ಕೃಷ್ಣೆ ದಾಟಿತೆ, ಗೋದಾವರಿ ದಾಟಿತೆ, ವಿಂಧ್ಯ ಎಲ್ಲಿತ್ತು? ಯಾರು ಬಲ್ಲರು! ದೇಹ ಹೋಯಿತು, ಕಣ್ಣು ಹೋಗಲಿಲ್ಲ. ಎರಡರಲ್ಲಿ ಯಾವುದು ಪ್ರಯಾಣವೆಂದು ನನ್ನ ಹಿರಿಯ ಮಿತ್ರರೇ ತೀರ್ಪು ಕೊಡಲಿ. ಟಾಟಾ ಅವರನ್ನಾದರೂ ಸಾಕ್ಷಿಗೆ ಕರೆಯಬಹುದು. ಜಂಬೊ ಜೆಟ್ಟುಗಳ ಸಂಸ್ಥೆಯನ್ನು ನಡೆಸಿದ ಆ ಮನುಷ್ಯ 1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿದರು. ಬೇಗ ತಲುಪುವುದೇ ಬೇಕಿದ್ದರೆ ಅವರಿಗೆ ದಾರಿ ಇರಲಿಲ್ಲವೆ?

ಒಂದು ಆಕ್ಷೇಪವನ್ನು ಒಪ್ಪುತ್ತೇನೆ. ನಡುಮನೆಯ ವಿಮಾನ ಬಿದ್ದರೆ ಯಾರೂ ಸಾಯುವುದಿಲ್ಲ. ಭಯವಿಲ್ಲದ ಕಡೆ ಧೈರ್ಯಕ್ಕೂ ಕೆಲಸವಿಲ್ಲ. ಆದರೆ ಈ ಯಂತ್ರದ ಹಿರಿಯಜ್ಜ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ, ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು, 1929ರಲ್ಲಿ ಅದೇ ವಾದ್ಯದ ತಿದಿಗಳನ್ನು ಬಳಸಿ, ನೆಲದ ಮೇಲೆಯೇ ಓಲಾಡುವ ವಿಮಾನ ಮಾಡಿದ. ಮೊದಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಜನ ಬಗೆದರು. 1934ರಲ್ಲಿ ಅಲ್ಲಿಯ ಸೇನೆ ಅಂಚೆ ಸಾಗಿಸಲು ಹೊರಟು, ಕೆಟ್ಟ ಹವೆಯಲ್ಲಿ ಹಲವು ವಿಮಾನ ಚಾಲಕರನ್ನು ಕಳೆದುಕೊಂಡಿತು. ಆಗ ಲಿಂಕನ ಆಟಿಕೆಯ ನೆನಪಾಯಿತು, ಆರನ್ನು ಕೊಂಡರು. ನಗುವವರು ಇದನ್ನು ಸ್ವಲ್ಪ ನೆನೆಯಬೇಕು.

ಎಲ್ಲಕ್ಕಿಂತ ಮಿಗಿಲಾಗಿ ನನ್ನ ಬಾಯಿ ಕಟ್ಟಿದ್ದು ಮೂರನೆಯ ಭಾನುವಾರ. ಮುಂಬಯಿಯಿಂದ ಬಳ್ಳಾರಿಗೆ ಹೊರಟಿದ್ದ. ಸಹ್ಯಾದ್ರಿ ದಾಟಿದ ಮೇಲೆ ಬಯಲು. ಎರಡು ಗಂಟೆಯ ಮೇಲೆ ಬಿಜಾಪುರದ ಸೀಮೆ. ಊಟಕ್ಕೆ ಕರೆಯಲು ಬಂದ ನಮ್ಮ ಅವ್ವ ಹಾಗೆಯೇ ನಿಂತಳು. ಅವಳ ತವರು ಹಳೆಯ ಬಾಗಲಕೋಟೆ. ಪರದೆಯ ಮೇಲೆ ಕೃಷ್ಣೆ ನದಿಯಾಗಿ ಉಳಿದಿರಲಿಲ್ಲ, ದಂಡೆ ತಪ್ಪಿದ ನೀರಾಗಿದ್ದಳು. "ಇದು ಯಾವ ಸಮುದ್ರ ಅಜ್ಜಿ?" ಎಂದು ಹುಡುಗ ಕೇಳಿದ. 1932ರಲ್ಲಿ ವಿನ್ಸೆಂಟ್ ಕಂಡಿರಲಾರದ ನೀರು ಅದು: ಆಲಮಟ್ಟಿಯ ಹಿನ್ನೀರು. ಅವ್ವ ಕುರ್ಚಿ ಎಳೆದುಕೊಂಡು ಕುಳಿತಳು. "ಸಮುದ್ರ ಅಲ್ಲೋ. ನಮ್ಮ ಓಣಿ ಇದರ ಕೆಳಗ ಐತಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಸಾವಕಾಶ ಹೋಗೊ ತಮ್ಮಾ," ಎಂದಳು. ಮುಳುಗಡೆಯಾದ ಮೇಲೆ ಅವಳು ಆ ಊರಿನ ಕಡೆ ಹೋದವಳಲ್ಲ. ಮಗನಾದ ನಾನು ಒಂದು ದಿನ ಕೇಳಿದವನೂ ಅಲ್ಲ. ಹುಡುಗ ವಿಮಾನವನ್ನು ತಗ್ಗಿಸಿ, ಆ ನೀರಿನ ಮೇಲೆ ಎರಡು ಸುತ್ತು ಹಾಕಿದ. ಅನ್ನ ಆರಿತು, ಸಾರು ಆರಿತು. ನನ್ನಾಕೆ ಬಂದವಳು ಏನೂ ಅನ್ನದೆ ಒಳಗೆ ಹೋದಳು. ಬಳ್ಳಾರಿಗೆ ಆ ದಿನ ತಡವಾಯಿತು.

ಆ ಗುಂಡಿಯನ್ನು ಒತ್ತಿದ್ದರೆ ನಾವು ಹನ್ನೊಂದು ಗಂಟೆಗೇ ಬಳ್ಳಾರಿಯಲ್ಲಿ ಇರುತ್ತಿದ್ದೆವು. ಊಟವೂ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.

ಬಳ್ಳಾರಿಯಿಂದ ಮದ್ರಾಸಿನ ದಾರಿ ಇನ್ನೂ ಬಾಕಿಯಿದೆ. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಹೊರಡುತ್ತೇವೆ. ಮಿತ್ರರಿಬ್ಬರಿಗೂ ಕುರ್ಚಿ ಹಾಕಿಸುತ್ತೇನೆ, ಕಾಫಿಗೆ ಕೊರತೆಯಿಲ್ಲ. ಕೈಗಡಿಯಾರವನ್ನು ಮಾತ್ರ ಅವರು ತಮ್ಮ ಮನೆಯಲ್ಲಿಯೇ ಬಿಟ್ಟು ಬರಬೇಕು.