ಬರಬೇಕಾದದ್ದು ಎಷ್ಟು?

ಭೀಮೆಯ ದಂಡೆಯ ಅಗರಖೇಡದಂಥ ಊರುಗಳಲ್ಲಿ ಫೌಜಿನಿಂದ ಬಂದವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವರ ಮನೆ ‘ಮಿಲ್ಟ್ರಿಯವರ ಮನಿ’ಯೇ. ಒಳಗಿರುವ ಮುದುಕಿಗೆ ‘ಆಯೀ, ಪೆನ್ಶನ್ ಎಷ್ಟ ಬರ್ತದ?’ ಎಂದರೆ ಪಾಸ್‌ಬುಕ್ ಮುಂದಿಡುತ್ತಾಳೆ. ‘ಎಷ್ಟ ಬರಬೇಕು?’ ಎಂದರೆ ಉತ್ತರ ಒಂದೇ: ‘ಅವ್ರು ಹಾಕಿದಷ್ಟು.’

ಪಿಂಚಣಿ ಸರ್ಕಾರದ ದಯೆಯಲ್ಲ ಎಂದು ಸುಪ್ರೀಂ ಕೋರ್ಟ್ ಡಿ.ಎಸ್. ನಕಾರಾ ಪ್ರಕರಣದಲ್ಲಿ ಹೇಳಿದ್ದು 1982ರ ಡಿಸೆಂಬರ್ 17ರಂದು. ಪೆನ್ಶನ್‌ದಾರರು ಆ ದಿನವನ್ನು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಹಕ್ಕಿನ ಬಗ್ಗೆ ತಕರಾರಿಲ್ಲ. ತಕರಾರಿರುವುದು ಲೆಕ್ಕದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪಿದ್ದನ್ನು ಯಾರು ಹುಡುಕಬೇಕು ಎಂಬುದರ ಬಗ್ಗೆ.

ಆಯಿಯದೇ ಉದಾಹರಣೆ ತೆಗೆದುಕೊಳ್ಳಿ. ಎಂಬತ್ತು ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20, ಎಂಬತ್ತೈದಕ್ಕೆ ಶೇ 30, ತೊಂಬತ್ತಕ್ಕೆ ಶೇ 40 ಹೆಚ್ಚುವರಿ ಸಿಗಬೇಕು. ಆದರೆ ಪಿಪಿಒ ಎಂಬ ಪಿಂಚಣಿ ಆದೇಶಪತ್ರದಲ್ಲಿ ಹೆಂಡತಿಯ ಹುಟ್ಟಿದ ತಾರೀಖು ಇಲ್ಲದಿದ್ದರೆ, ಅವಳಿಗೆ ಎಂಬತ್ತಾಯಿತೆಂದು ಕಂಪ್ಯೂಟರಿಗೆ ಹೇಳುವವರಾರು? ‘ದೊಡ್ಡ ಬರ ಬಿದ್ದ ವರ್ಷ ಹುಟ್ಟೀನಿ’ ಎನ್ನುವವರಿಗೆ ತಾರೀಖು ಎಲ್ಲಿಂದ ಬರಬೇಕು?

ಗಂಡಸರ ಕಥೆಯೂ ಬೇರೆಯಲ್ಲ. ಏಕ ಶ್ರೇಣಿ ಏಕ ಪಿಂಚಣಿಯ ಕೋಷ್ಟಕದಲ್ಲಿ ಸಿಪಾಯಿ, ನಾಯಕ್, ಹವಾಲ್ದಾರ್ ಎಂಬ ಹುದ್ದೆ, ಎಕ್ಸ್ ಅಥವಾ ವೈ ಎಂಬ ಗುಂಪು, ಅರ್ಧರ್ಧ ವರ್ಷದ ಲೆಕ್ಕದಲ್ಲಿ ಸೇವಾವಧಿ, ಈ ಮೂರೂ ಕೂಡಿ ಒಂದು ಸಾಲು. ಹದಿನೇಳೂವರೆ ವರ್ಷ ಹದಿನೇಳೆಂದು ದಾಖಲಾದರೆ ಬೇರೆ ಸಾಲಿನ ಹಣ ಬರುತ್ತದೆ, ಬರುತ್ತಲೇ ಇರುತ್ತದೆ.

ತಪ್ಪು ತಡವಾಗಿ ಸಿಕ್ಕಿತೆನ್ನಿ. ತರ್ಸೇಮ್ ಸಿಂಗ್ ಎಂಬ ಯೋಧ ಸೇನೆಯಿಂದ ಹೊರಬಿದ್ದದ್ದು 1983ರಲ್ಲಿ, ಅಂಗವಿಕಲ ಪಿಂಚಣಿಗಾಗಿ ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಪ್ಪಿದರೆ ಅದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ಆದ್ದರಿಂದ ತಡವಾದರೂ ಕೇಳಬಹುದು ಎಂದಿತು ಸುಪ್ರೀಂ ಕೋರ್ಟ್, 2008ರಲ್ಲಿ. ಆದರೆ ಹಿಂಬಾಕಿ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಮಾತ್ರ! ಹದಿನಾರರಲ್ಲಿ ಹದಿಮೂರು ವರ್ಷದ ಹಣ ಹೋದಂತೆ. ಕೋರ್ಟಿಗೆ ತಡವಾಗಿ ಬಂದವನಿಗೆ ಮಿತಿ ಹಾಕುವುದು ಕಾನೂನಿನ ಹಳೆಯ ರೂಢಿ, ಒಪ್ಪೋಣ. ಆದರೆ ಲೆಕ್ಕದ ಹಾಳೆ ಇರುವುದು ಸರ್ಕಾರದ ಕಪಾಟಿನಲ್ಲಿ. ಹಾಳೆ ಕಾಣದವನು ತಡ ಮಾಡಿದ ಎನ್ನುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಲೆಕ್ಕ ಸರಿಯೆಂದು ಒಪ್ಪಿದ ಮೇಲೂ ದುಡ್ಡು ಕೈಗೆ ಬರುವುದು ಇನ್ನೊಂದು ಯಾತ್ರೆ. ಏಕ ಶ್ರೇಣಿ ಏಕ ಪಿಂಚಣಿಯನ್ನು 2019ರ ಜುಲೈ 1ರಿಂದ ಮರುನಿಗದಿ ಮಾಡಿ ಮೂರು ತಿಂಗಳಲ್ಲಿ ಬಾಕಿ ಕೊಡಿ ಎಂದು ಕೋರ್ಟ್ ಹೇಳಿದ್ದು 2022ರ ಮಾರ್ಚ್‌ನಲ್ಲಿ. ರಕ್ಷಣಾ ಸಚಿವಾಲಯ ಗಡುವು ಕೇಳಿತು, ಮತ್ತೆ ಕೇಳಿತು, ಆಮೇಲೆ ನಾಲ್ಕು ಕಂತು ಎಂದಿತು. ಕಡೆಗೆ 2023ರ ಮಾರ್ಚ್ 20ರಂದು ಕೋರ್ಟೇ ದಿನ ಗೊತ್ತುಮಾಡಬೇಕಾಯಿತು: ಕುಟುಂಬ ಪಿಂಚಣಿಯವರಿಗೆ ಏಪ್ರಿಲ್ 30, ಎಪ್ಪತ್ತು ದಾಟಿದವರಿಗೆ ಜೂನ್ 30, ಉಳಿದವರಿಗೆ 2024ರ ಫೆಬ್ರುವರಿವರೆಗೆ ಮೂರು ಕಂತು. ಅಷ್ಟರಲ್ಲಿ ಎಷ್ಟು ಮುದುಕರು ಕಣ್ಣು ಮುಚ್ಚಿದರೋ.

ಅಗರಖೇಡದವರು ದಾವೆ ಹೂಡಬೇಕೆಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಸೇರಿರುವುದು ಕೊಚ್ಚಿ ಪೀಠಕ್ಕೆ, ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರು. ಪಿಂಚಣಿ ಮಂಜೂರು ಮಾಡುವ ರಕ್ಷಣಾ ಲೆಕ್ಕಪತ್ರ ಕಚೇರಿ ಇರುವುದು ಪ್ರಯಾಗರಾಜ್‌ನಲ್ಲಿ. ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ, ಒಳ್ಳೆಯದೇ. ಅದರ ಪಾಸ್‌ವರ್ಡ್ ಮಾತ್ರ ಮೊಮ್ಮಗನ ಮೊಬೈಲಿನಲ್ಲಿ, ಮೊಮ್ಮಗ ಪುಣೆಯಲ್ಲಿ.

ವರ್ಷಕ್ಕೊಮ್ಮೆ ಆಯಿ ತಾನು ಬದುಕಿದ್ದೇನೆಂದು ಬೆರಳೊತ್ತಿ ಸಾಬೀತುಮಾಡಬೇಕು. ಕಳೆ ಕಿತ್ತು ಸವೆದ ಬೆರಳನ್ನು ಯಂತ್ರ ಒಮ್ಮೊಮ್ಮೆ ಗುರುತಿಸುವುದೂ ಇಲ್ಲ. ಅವಳು ಬೆರಳೊತ್ತಿದ ತಿಂಗಳೇ ಸರ್ಕಾರದಿಂದಲೂ ಒಂದು ಹಾಳೆ ಬರಲಿ, ಕನ್ನಡದಲ್ಲಿ: ಗಂಡನ ಹುದ್ದೆ, ಗುಂಪು, ಸೇವೆಯ ವರ್ಷ, ನಿಮ್ಮ ಹುಟ್ಟಿದ ದಿನ, ಯಾವ ಕೋಷ್ಟಕದ ಯಾವ ಸಾಲು, ಬರಬೇಕಾದದ್ದು ಇಷ್ಟು, ಹಾಕಿದ್ದು ಇಷ್ಟು. ಓದಿ ಹೇಳಲು ಓಣಿಯಲ್ಲಿ ಹೈಸ್ಕೂಲಿನ ಹುಡುಗಿಯರಿದ್ದಾರೆ.